ಕುಣಿಯುವ ಮಗುವಿನ ಮೈ ಏನು ಕೇಳುತ್ತಿದೆ?

ಸೋಫಾದಿಂದ ಜಿಗಿಯುವುದು, ಬೇಕೆಂದೇ ಗೋಡೆಗೆ ಡಿಕ್ಕಿ ಹೊಡೆಯುವುದು, ಅಂಗಿಯ ಕಾಲರ್ ಜಗಿಯುವುದು. ಇಂಥ ಮಗುವಿಗೆ 'ತುಂಟ' ಎಂಬ ಬಿರುದು ಸುಲಭವಾಗಿ ಸಿಗುತ್ತದೆ. ಈಚೆಗೆ 'ಎಡಿಎಚ್‌ಡಿ (ಗಮನ ನಿಲ್ಲದ ಅಥವಾ ಅತಿಯಾಗಿ ಚಡಪಡಿಸುವ ತೊಂದರೆ) ಇರಬೇಕು' ಎಂಬುದೂ ಸೇರಿದೆ. ಎರಡೂ ಆತುರದ ಮಾತೇ.

ಐದು ಇಂದ್ರಿಯಗಳ ಬಗ್ಗೆ ಎಲ್ಲರಿಗೂ ಗೊತ್ತು. ಇಲ್ಲಿ ಮುಖ್ಯವಾಗುವುದು ಇನ್ನೆರಡು. ಒಂದು, ಚಲನೆ ಮತ್ತು ಸಮತೋಲನವನ್ನು ತಿಳಿಸುವ ಒಳಕಿವಿ. ಇನ್ನೊಂದು, ಕೈಕಾಲು ಎಲ್ಲಿದೆ, ಎಷ್ಟು ಬಲ ಬೀಳುತ್ತಿದೆ ಎಂದು ಸ್ನಾಯು, ಕೀಲುಗಳಿಂದ ಮೆದುಳಿಗೆ ಹೋಗುವ ಸುದ್ದಿ. ಕೆಲವು ಮಕ್ಕಳಿಗೆ ಈ ಸುದ್ದಿ ಜಾಸ್ತಿ ಬೇಕು. ಅದಕ್ಕೇ ತಿರುಗುತ್ತಾರೆ, ಗುದ್ದುತ್ತಾರೆ, ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಲು ನೆರವಾಗುವ ಚಿಕಿತ್ಸಕಿ) ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ಇಂದ್ರಿಯಗಳ ಸುದ್ದಿಯನ್ನು ಮೆದುಳು ಹೊಂದಿಸಿಕೊಳ್ಳುವ ಬಗೆಯನ್ನು ವಿವರಿಸಿದ್ದರು.

ಮೊದಲು ನೋಡಿ, ಬರೆದಿಡಿ

ಒಂದೆರಡು ವಾರ ಬೈಯುವುದಕ್ಕಿಂತ ಬರೆಯುವುದು ಜಾಸ್ತಿಯಾಗಲಿ. ಯಾವ ಹೊತ್ತಿನಲ್ಲಿ ಶುರುವಾಯಿತು? ಅದಕ್ಕೂ ಮೊದಲು ಏನಾಗಿತ್ತು? ಹಸಿವೋ, ಗದ್ದಲವೋ, ತುಂಬಾ ಹೊತ್ತು ಕೂತಿದ್ದೋ? ಹೇಗೆ ತಣ್ಣಗಾಯಿತು? ನಿದ್ದೆಯ ಲೆಕ್ಕವನ್ನೂ ಬರೆಯಿರಿ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಆದರೆ ಎಷ್ಟೋ ಮಕ್ಕಳು ಇನ್ನಷ್ಟು ಕುಣಿಯುತ್ತಾರೆ.

ಆಮೇಲೆ, ಕೇಳಿದ್ದನ್ನು ಕೊಡಿ

ಜಿಗಿಯಬೇಡ ಅಂದರೆ ಅವನು ಬೇರೆ ಕಡೆ ಜಿಗಿಯುತ್ತಾನೆ, ಅಲ್ವಾ? ಜಿಗಿಯಲು ನೆಲದ ಮೇಲೆ ಹಾಸಿಗೆ ಹಾಕಿಕೊಡಿ. ಹೆಚ್ಚು ಉಪಯೋಗಕ್ಕೆ ಬರುವುದು ಸ್ನಾಯುಗಳಿಗೆ ಕೆಲಸ ಕೊಡುವ ಚಟುವಟಿಕೆ: ಪುಸ್ತಕದ ಚೀಲ ಹೊರುವುದು, ಕುರ್ಚಿ ತಳ್ಳುವುದು, ಹಗ್ಗ ಜಗ್ಗುವುದು, ಗೋಡೆಯನ್ನು ಎರಡೂ ಕೈಯಿಂದ ಒತ್ತುವುದು. ಇದನ್ನು ಮಗು ರೇಗಿದ ಮೇಲಲ್ಲ, ಓದಲು ಕೂರುವ ಮೊದಲೇ ಮಾಡಿಸಿ. ನಿಧಾನವಾಗಿ ಹಿಂದೆ ಮುಂದೆ ತೂಗುವುದು ಸಾಮಾನ್ಯವಾಗಿ ಶಾಂತಗೊಳಿಸುತ್ತದೆ. ಗಿರಗಿರ ಸುತ್ತುವುದು ಕೆಲವರನ್ನು ಮತ್ತಷ್ಟು ಕೆರಳಿಸುತ್ತದೆ, ಹಾಗಾಗಿ ಮಲಗುವ ಹೊತ್ತಿಗೆ ಅದು ಬೇಡ. ಮೈಮೇಲೆ ಒತ್ತಡ ಬಿದ್ದು ಮಗು ಶಾಂತವಾಗಲಿ ಎಂದು ಮಾರುವ ಭಾರದ ಹೊದಿಕೆಗಳ ಜಾಹೀರಾತು ನೋಡಿ ಮರುಳಾಗಬೇಡಿ. ಥೆರಪಿಸ್ಟನ್ನು ಕೇಳದೆ ಹೊದಿಸಬಾರದು, ಹಸುಗೂಸಿಗಂತೂ ಬೇಡವೇ ಬೇಡ.

ಕೊಟ್ಟ ಮೇಲೆ ಏನಾಗುತ್ತದೆ ಎನ್ನುವುದೇ ನಿಜವಾದ ಸುಳಿವು. ಮೈ ದಣಿಸಿದ ಮೇಲೆ ಮಗು ಕೆಲಹೊತ್ತು ನೆಮ್ಮದಿಯಾಗಿ ಕೂತರೆ, ಅದು ಹುಡುಕುತ್ತಿದ್ದುದು ಚಲನೆಯನ್ನೇ ಇರಬಹುದು. ಆಗಲೂ ಗಮನ ನಿಲ್ಲದಿದ್ದರೆ, ಸರದಿ ಕಾಯಲಾಗದಿದ್ದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹಾರಿಬಂದರೆ ಎಡಿಎಚ್‌ಡಿ ಬಗ್ಗೆ ಕೇಳುವುದು ಒಳ್ಳೆಯದು. ಹಾಗಂತ ಇದೇ ಪರೀಕ್ಷೆಯಲ್ಲ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಆಟಿಸಂನಲ್ಲೂ ಇಂಥ ಹುಡುಕಾಟ ಕಾಣುತ್ತದೆ.

ಯಾವಾಗ ವೈದ್ಯರ ಬಳಿಗೆ?

ಡಿಎಸ್‌ಎಮ್-5 ಎಂಬ ವೈದ್ಯರ ಕೈಪಿಡಿಯ ಪ್ರಕಾರ ಎಡಿಎಚ್‌ಡಿ ಎನ್ನಲು ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು. ಕೆಲವಾದರೂ 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ತೊಂದರೆ ಕಾಣಬೇಕು. ಮನೆಯಲ್ಲಿ ಮಾತ್ರ ಗಲಾಟೆ ಅಂದರೆ ಕಾರಣ ಬೇರೆ ಇರಬಹುದು. ಇಂಥ ಹುಡುಕಾಟಕ್ಕೆ ಕೆಲವರು ಕೊಡುವ 'ಇಂದ್ರಿಯ ಸಂಸ್ಕರಣಾ ತೊಂದರೆ' ಎಂಬ ಹೆಸರಿಗೆ ಆ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯ ಸ್ಥಾನವಿಲ್ಲ. ಆ ಹೆಸರಿನ ದುಬಾರಿ ಪ್ಯಾಕೇಜ್ ಯಾರಾದರೂ ಮಾರಲು ಬಂದರೆ ಮೊದಲು ಮಕ್ಕಳ ವೈದ್ಯರನ್ನು ಕೇಳಿ.

ಮಗು ತನಗೋ ಬೇರೆಯವರಿಗೋ ಪೆಟ್ಟು ಮಾಡುತ್ತಿದ್ದರೆ, ತಿನ್ನಬಾರದ್ದನ್ನು ನುಂಗುತ್ತಿದ್ದರೆ, ಕಲಿತ ಮಾತು ಮರೆಯುತ್ತಿದ್ದರೆ ತಿಂಗಳುಗಟ್ಟಲೆ ಕಾಯಬೇಡಿ. ಹೋಗುವಾಗ ಬರೆದಿಟ್ಟ ಪುಸ್ತಕದ ಜೊತೆ ಟೀಚರ್ ಬರೆದುಕೊಟ್ಟ ನಾಲ್ಕು ಸಾಲೂ ಇರಲಿ. ಕಿವಿ, ಕಣ್ಣಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿ.