ರಾತ್ರಿ ಪಾಳಿ ಮುಗಿಸಿ ಕುಕ್ಕರಹಳ್ಳಿ ಕೆರೆಗೆ

108 ಆಂಬುಲೆನ್ಸ್‌ನಲ್ಲಿ ನಾನು ಇ.ಎಂ.ಟಿ., ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ. ಪಾಳಿ ಹನ್ನೆರಡು ಗಂಟೆಯದು. ರಾತ್ರಿ ಪಾಳಿಯಾದರೆ ಬೆಳಿಗ್ಗೆ ಗಾಡಿಯ ನೆಲವನ್ನು ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಿ, ಆಮ್ಲಜನಕದ ಸಿಲಿಂಡರ್‌ನ ಮುಳ್ಳು ನೋಡಿ, ಮುಂದಿನವರಿಗೆ ಒಪ್ಪಿಸಿದರೆ ಕೆಲಸ ಮುಗಿಯಿತು. ಮೈಗೆ ಮಾತ್ರ ಅದು ತಿಳಿಯುವುದಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೂ ಎದೆ ಧಸಕ್ಕೆನ್ನುತ್ತದೆ. ಮಗಳು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಸಿಡುಕುತ್ತೇನೆ. ಹೆದ್ದಾರಿಯಲ್ಲಿ ಕಂಡದ್ದಕ್ಕೆ ಮನೆಯವರು ಬೈಸಿಕೊಳ್ಳುವುದು ಯಾವ ನ್ಯಾಯ?

ಹಾಗಾಗಿ ನಾನು ನೇರವಾಗಿ ಮನೆಗೆ ಹೋಗುವುದಿಲ್ಲ. ದಾರಿಯಲ್ಲೇ ಸಿಗುವ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಕೆರೆ ಇದು. ಈಗ ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳ ಊರು. ಕೊಡಗಿಗೋ ಆಗುಂಬೆಗೋ ಹೋಗಿ ಮನಸ್ಸು ಹಗುರ ಮಾಡಿಕೊಳ್ಳಿ ಎನ್ನುವವರು ಒಮ್ಮೆ ನಮ್ಮ ರಜೆಯ ಲೆಕ್ಕ ನೋಡಬೇಕು. ನಿದ್ದೆಗೆಟ್ಟ ಕಣ್ಣಿನಲ್ಲಿ ದೂರಕ್ಕೆ ಬೈಕ್ ಓಡಿಸುವುದೂ ತರವಲ್ಲ. ಹಾಗೆ ಓಡಿಸಿದವರನ್ನು ಎತ್ತಿಕೊಂಡು ಬರುವವರೂ ನಾವೇ.

ಸುಮ್ಮನೆ ನಡೆದರೆ ನನಗೆ ಪ್ರಯೋಜನವಾಗುವುದಿಲ್ಲ. ಕಾಲು ಕೆರೆ ಏರಿಯ ಮೇಲಿದ್ದರೆ ತಲೆ ಇನ್ನೂ ರಾತ್ರಿಯ ಕೇಸ್‌ನಲ್ಲೇ ಇರುತ್ತದೆ: ಇನ್ನೆರಡು ನಿಮಿಷ ಮೊದಲು ತಲುಪಿದ್ದರೆ, ಆ ಗೇಟು ತೆರೆದಿದ್ದರೆ. ಕಣ್ಣು ಮುಚ್ಚಿ ಧ್ಯಾನ ಮಾಡಿ ಎನ್ನುತ್ತಾರೆ. ಕಣ್ಣು ಮುಚ್ಚಿದರೆ ನಮ್ಮಂಥವರಿಗೆ ಏನು ಕಾಣುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಣ್ಣು ತೆರೆದೇ ಇರಲಿ, ಆದರೆ ಅದಕ್ಕೊಂದು ಕೆಲಸ ಬೇಕು. ಮೊಬೈಲ್ ಚೀಲದೊಳಗೆ ಹಾಕಿ, ಒಂದೇ ಹಕ್ಕಿಯನ್ನು ಆರಿಸಿಕೊಂಡು, ಅದು ಹಾರಿಹೋಗುವವರೆಗೆ ನೋಡುತ್ತೇನೆ.

ಹೆಚ್ಚಾಗಿ ಹಾವಕ್ಕಿಯನ್ನೇ ಹುಡುಕುತ್ತೇನೆ. ಮೈ ಪೂರ್ತಿ ನೀರೊಳಗೆ, ಕತ್ತು ಮಾತ್ರ ಮೇಲೆ. ಹೆಸರು ಯಾಕೆ ಬಂತೆಂದು ಯಾರನ್ನೂ ಕೇಳಬೇಕಿಲ್ಲ. ಮುಳುಗಿದರೆ ಎಲ್ಲಿ ಏಳುತ್ತದೆ ಎಂದು ಊಹಿಸುವುದು ನನ್ನ ಆಟ, ಸೋಲುವುದೇ ಹೆಚ್ಚು. ಎದ್ದಾಗ ಕೊಕ್ಕಿನ ಮೊನೆಗೆ ಮೀನು ಚುಚ್ಚಿಕೊಂಡಿರುತ್ತದೆ. ಕತ್ತು ಕೊಡವಿ ಮೀನನ್ನು ಮೇಲಕ್ಕೆ ಚಿಮ್ಮಿ, ತಲೆ ಮೊದಲಾಗುವಂತೆ ಹಿಡಿದು ನುಂಗುತ್ತದೆ. ಅದರ ಗರಿಗಳು ಬಾತುಕೋಳಿಯ ಗರಿಯಂತೆ ನೀರನ್ನು ತಡೆಯುವುದಿಲ್ಲ. ನೆನೆದು ಭಾರವಾಗುವುದರಿಂದಲೇ ಅಷ್ಟು ಸಲೀಸಾಗಿ ಮುಳುಗುತ್ತದೆ. ಅದಕ್ಕಾಗಿ ಆಮೇಲೆ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಬಹಳ ಹೊತ್ತು ಒಣಗಿಸಿಕೊಳ್ಳಬೇಕು. ಅಷ್ಟರಲ್ಲಿ ನನ್ನ ಬಿಗಿದ ದವಡೆ ಸಡಿಲವಾಗಿರುತ್ತದೆ. ಉಸಿರು ಎಣಿಸುವುದೂ ಬೇಕಾಗುವುದಿಲ್ಲ.

ಇದಕ್ಕೊಂದು ವಿವರಣೆಯಿದೆ. ಬಲವಂತವಾಗಿ ಹಿಡಿದಿಟ್ಟ ಗಮನ ದಣಿಯುತ್ತದೆ, ತಾನಾಗಿ ಸೆಳೆಯುವ ನಿಸರ್ಗದ ನೋಟಗಳು ಅದಕ್ಕೆ ವಿಶ್ರಾಂತಿ ಕೊಡುತ್ತವೆ ಎಂದು ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ವಾದಿಸಿದರು. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು. ಇದರಿಂದಲೇ ಅದಾಯಿತು ಎಂದು ಅದು ಸಾಬೀತು ಮಾಡುವುದಿಲ್ಲ. ಆದರೆ ಆ ಹೊತ್ತನ್ನು ಒಮ್ಮೆಗೇ ಕಳೆದರೂ ತುಂಡು ತುಂಡಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ ಎಂಬುದು ಪಾಳಿಯವರಿಗೆ ಒಳ್ಳೆಯ ಸುದ್ದಿ. ಕರೆಗಳ ನಡುವೆ ಬಿಡುವು ಸಿಕ್ಕರೆ ಗಾಡಿ ನಿಲ್ಲುವಲ್ಲಿನ ಹೊಂಗೆ ಮರವನ್ನೇ ನೋಡುತ್ತೇನೆ. ನಮ್ಮ ಪೈಲಟ್‌ಗೆ, ಅಂದರೆ ಚಾಲಕರಿಗೆ, ಹಕ್ಕಿ ಎಂದರೆ ಆಕಳಿಕೆ. ಅವರು ಮನೆಗೆ ಹೋಗಿ ಮಲ್ಲಿಗೆ ಗಿಡಗಳ ಬುಡ ಕೆದಕುತ್ತಾರೆ. ಅದೂ ಆಗುತ್ತದೆ.

ಮಕ್ಕಳ ಕೇಸ್‌ಗಳು ಬೇರೆ. ಅದೇ ಮುಖ ವಾರವಾದರೂ ಕನಸಿಗೆ ಬರುತ್ತಿದ್ದರೆ, ಕೆಲಸಕ್ಕೆ ಹೊರಡುವಾಗಲೇ ಕೈ ನಡುಗುತ್ತಿದ್ದರೆ ಕೆರೆಯನ್ನು ನಂಬಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸಹಾಯವಾಣಿ ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ನಾನು ಗುರುತಿನ ಚೀಟಿಯ ಹಿಂಬದಿಗೆ ಅಂಟಿಸಿಕೊಂಡಿದ್ದೇನೆ. ಪೈಲಟ್ ಕೂಡ ಬರೆದುಕೊಂಡರು, ಮನೆಯಲ್ಲಿ ಯಾರಿಗೋ ಬೇಕಂತೆ.