ಎಡಗೈಯಲ್ಲಿ ಲಿಂಗ, ಅದೇ ಕೈಯಲ್ಲಿ ಫಿಸ್ಟುಲಾ

ಡಯಾಲಿಸಿಸ್ ಶುರುವಾದಾಗ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ದೇವರು ಪರೀಕ್ಷೆ ಮಾಡ್ತಾನವ್ವಾ, ಧೈರ್ಯ ತಗೋ." ಅಕ್ಕರೆಯಿಂದಲೇ ಹೇಳಿದರು. ಆದರೆ ಆ ಧೈರ್ಯ ಎಲ್ಲಿಂದ ತರಬೇಕು ಅಂತ ಯಾರೂ ಹೇಳಲಿಲ್ಲ. ಕಷ್ಟ ಬಂದರೆ ಮನುಷ್ಯ ತಾನಾಗಿಯೇ ಗಟ್ಟಿಯಾಗುತ್ತಾನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಷ್ಟದಲ್ಲಿ ಕುಗ್ಗಿಹೋದ ಒಳ್ಳೊಳ್ಳೆಯವರನ್ನು ನಮ್ಮ ವಾರ್ಡಿನಲ್ಲೇ ಕಂಡಿದ್ದೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ದಿನಾ ತಪ್ಪದೆ ಮಾಡುವ ಒಂದೆರಡು ಸಣ್ಣ ಕೆಲಸ.

ನಾನು ಹಾವೇರಿ ಜಿಲ್ಲೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಬಿಪಿ ಜಾಸ್ತಿಯಾಗಿ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ಈಗ ವಾರಕ್ಕೆ 3 ಸಲ ಡಯಾಲಿಸಿಸ್, ಪ್ರತಿ ಸಲ 4 ತಾಸು. ಅದಕ್ಕೆ ಎಡಗೈ ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡಿದ್ದಾರೆ. ರಭಸದ ರಕ್ತ ನುಗ್ಗಿ ನುಗ್ಗಿ ಮೇಲಿನ ನರ ದಪ್ಪಗಾಗುತ್ತದೆ. ಡಯಾಲಿಸಿಸ್ ಸೂಜಿಗೆ ಅಂಥ ನರವೇ ಬೇಕು. ಆ ಜಾಗ ಮುಟ್ಟಿದರೆ ಒಳಗೆ ಜುಮ್ಮೆಂದು ನಡುಗುವುದು ಗೊತ್ತಾಗುತ್ತದೆ. ಅದಕ್ಕೆ ಥ್ರಿಲ್ ಅನ್ನುತ್ತಾರೆ. ಅದು ನಿಂತರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಭಾರ ಎತ್ತಬಾರದು, ಬಿಗಿ ಬಳೆ ತೊಡಬಾರದು.

ಸೂಜಿಗಿಂತ ಜಾಸ್ತಿ ಚುಚ್ಚಿದ್ದು ಈ ಬಳೆಯ ವಿಷಯ. ಒಂದು ಕುಬಸದ (ಸೀಮಂತದ) ಮನೆಯಲ್ಲಿ ಬಳೆ ಇಡಿಸುವಾಗ ಹಿರಿಯರೊಬ್ಬರು, "ಮುತ್ತೈದಿ ಕೈ ಹಿಂಗ ಬರಿದು ಇರಬಾರದವ್ವಾ" ಅಂದರು. ನನಗೆ ಎದ್ದು ಹೋಗುವಂತಾಯಿತು. ಪಕ್ಕದಲ್ಲಿದ್ದ ನಮ್ಮ ಅತ್ತೆ ಬಿಡಲಿಲ್ಲ. "ಆ ಕೈಯಾಗ ದಿನಾ ಲಿಂಗ ಹಿಡೀತಾಳ್ರೀ. ಬರಿದು ಹೆಂಗಾಗತೈತಿ?" ಅಂದರು. ಆ ಮಾತು ನನಗೆ ಎಷ್ಟು ಬಲ ಕೊಟ್ಟಿತು ಅಂದರೆ, ಅವತ್ತಿನಿಂದ ಎಡಗೈಯನ್ನು ಸೆರಗಿನೊಳಗೆ ಮುಚ್ಚುವುದು ಬಿಟ್ಟೆ.

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುತ್ತೇವೆ. ಸ್ನಾನವಾದ ಮೇಲೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು, ಹನಿ ನೀರು ಹಾಕಿ, ಪತ್ರೆ ಹೂ ಏರಿಸುತ್ತೇನೆ. ಆಮೇಲೆ ಕೈ ಮುಂದೆ ಹಿಡಿದು ಲಿಂಗದಲ್ಲಿ ದೃಷ್ಟಿ ನೆಟ್ಟು ಕೂರಬೇಕು. ಫಿಸ್ಟುಲಾ ಕೈ ಬೇಗ ಸೋಲುತ್ತದೆ, ಅದಕ್ಕೆ ಮೊಣಕೈ ಕೆಳಗೆ ಒಂದು ದಿಂಬು. ಲಿಂಗದ ಕಪ್ಪು ಮೈ ಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ಕೂರುತ್ತದೆ. ಕಣ್ಣು ಅಲ್ಲೇ. ಅಂಗೈಯಲ್ಲಿ ಲಿಂಗ, ಅದರ ಕೆಳಗೇ ಮಣಿಕಟ್ಟಿನಲ್ಲಿ ಆ ನಡುಕ. ಮೊದಮೊದಲು ಧ್ಯಾನಕ್ಕೆ ಕೂತರೆ ಮನಸ್ಸೆಲ್ಲ ಆ ನಡುಕದ ಮೇಲೆಯೇ. ಈಗ ನಿಂತರೆ? ನಾಳೆ ನಿಂತರೆ? ಅದನ್ನು ಮರೆಯಲು ಹೆಣಗಿ ಹೆಣಗಿ ಸಾಕಾಯಿತು. ಕೊನೆಗೆ ಅದರ ಜೊತೆಗೇ ಜಪ ಸೇರಿಸಿದೆ. ಒಂದೊಂದು ಮಿಡಿತಕ್ಕೆ ಒಂದು "ನಮಃ ಶಿವಾಯ". ಹೆದರಿಸುತ್ತಿದ್ದದ್ದೇ ಜಪದ ತಾಳವಾಯಿತು. ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಅದು ಇದ್ದರೂ ಕೂರಲು ಬರುತ್ತದೆ.

ಈ ರೋಗದಲ್ಲಿ ದೊಡ್ಡ ಕಷ್ಟ ಬಾಯಾರಿಕೆ. ನೀರು, ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಇಷ್ಟೇ ಅಂತ ಡಾಕ್ಟರ್ ಅಳತೆ ಕೊಟ್ಟಿರುತ್ತಾರೆ. ಪೂಜೆಯ ಪಾದೋದಕ ಒಂದು ಚಮಚ. ಅದೂ ಆ ಲೆಕ್ಕದಲ್ಲೇ ಬರಬೇಕು. ಅದನ್ನು ಗಟಕ್ಕನೆ ನುಂಗದೆ ನಾಲಿಗೆ ಮೇಲೆ ಇಟ್ಟುಕೊಂಡು, ಒಣಗಿದ ಬಾಯಿಯೆಲ್ಲ ತೇವವಾಗುವವರೆಗೆ ಬಿಡುತ್ತೇನೆ. ಊಟವೂ ಹಾಗೆಯೇ. ಪೊಟ್ಯಾಶಿಯಂ ಏರುತ್ತದೆ ಅಂತ ಎಳನೀರು, ಬಾಳೆಹಣ್ಣು ಬಿಟ್ಟಿದ್ದೇನೆ. ಸೊಪ್ಪು, ತರಕಾರಿ ಬೇಯಿಸಿ ಆ ನೀರು ಚೆಲ್ಲಬೇಕು. ಉಪ್ಪು ಹೆಸರಿಗಷ್ಟೇ. ಲಿಂಗಕ್ಕೆ ತೋರಿಸಿ ಉಂಡಿದ್ದನ್ನು ಸಪ್ಪೆ ಅಂತ ದೂರಲು ಮನಸ್ಸು ಬರುವುದಿಲ್ಲ. ರೋಗವೂ ಪ್ರಸಾದವೇ ಅನ್ನುವವರಿದ್ದಾರೆ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ರೋಗ ರೋಗವೇ. ಇವತ್ತಿನ ಊಟ, ಇವತ್ತಿನ ನಿದ್ದೆ, ಇವನ್ನು ಮಾತ್ರ ಪ್ರಸಾದ ಅನ್ನಬಲ್ಲೆ.

ಮಷೀನಿನ ಮೇಲೆ ಮೂರನೇ ತಾಸು ದಾಟುವಾಗ ಮೀನಖಂಡ ಸೆಟೆದುಕೊಳ್ಳುತ್ತದೆ. ಆಗ ಸುಮ್ನೆ ಹಲ್ಲು ಕಚ್ಚಿ ಜಪ ಮಾಡಬಾರದು, ಸಿಸ್ಟರನ್ನು ಕರೆಯಬೇಕು. ಮೈಯಿಂದ ನೀರು ತೆಗೆಯುವುದನ್ನು ಕಡಿಮೆ ಮಾಡಿ ಸಲೈನ್ ಬಿಡುತ್ತಾರೆ, ನೋವು ಇಳಿಯುತ್ತದೆ. ಆಮೇಲೆ ಬಲಗೈ ಬೆರಳಿನ ಗೆಣ್ಣು ಎಣಿಸುತ್ತಾ ಉಳಿದ ಹೊತ್ತು ಕಳೆಯುತ್ತೇನೆ. ಮನಸ್ಸಿನ ನೋವಿಗೂ ಇದೇ ಮಾತು. ಬದುಕೇ ಬೇಡ ಅನ್ನಿಸುವ ರಾತ್ರಿ ಬಂದರೆ ಪೂಜೆಯೊಂದನ್ನೇ ನಂಬಿ ಕೂರಬೇಡಿ. ಮನೆಯವರನ್ನು ಎಬ್ಬಿಸಿ ಹೇಳಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಹಾಯ ಕೇಳಿದರೆ ಭಕ್ತಿ ಕಡಿಮೆಯಾಯಿತು ಅಂತ ಅಲ್ಲ, ಅಲ್ವಾ?

ಇನ್ನು ಕಾಯಕ. ಡಯಾಲಿಸಿಸ್ ದಿನ ಏನೂ ಆಗುವುದಿಲ್ಲ, ಮಲಗಿಬಿಡುತ್ತೇನೆ. ಮರುದಿನ ಹುಕ್ಸ್ ಹಚ್ಚುವುದು, ಅಂಚು ಮಡಚಿ ಹೊಲಿಯುವುದು, ಕೂತು ಮಾಡುವಂಥದ್ದು. ಮದುವೆ ಸೀಸನ್ನಿನ ದೊಡ್ಡ ಆರ್ಡರ್ ಹಿಡಿಯುವುದಿಲ್ಲ. ವಾರ್ಡಿನಲ್ಲಿ ಗಂಡಸರು ತುಂಬುತೋಳಿನ ಅಂಗಿ ಹಾಕಿಕೊಂಡು ಬಂದು, ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ಎಸಿ ಚಳಿಗೆ ನಡುಗುತ್ತಾ ಮಲಗುತ್ತಿದ್ದರು. ಮಡಿಕೆ ಕೈಗೆ ಬಿಗಿಯಾಗಿ ಒತ್ತುತ್ತಿತ್ತು. ಹೊಲಿಯುವವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಒಂದು ಅಂಗಿಯ ತೋಳನ್ನು ಹೊಲಿಗೆ ಗುಂಟ ಬಿಚ್ಚಿ, ಎರಡೂ ಅಂಚಿಗೆ ಪಟ್ಟಿ ಕೊಟ್ಟು, ಟಿಚ್ ಬಟನ್ ಹಾಕಿಕೊಟ್ಟೆ. ಸೂಜಿ ಚುಚ್ಚುವ ಕಡೆ ಮಾತ್ರ ಬಟನ್ ಬಿಚ್ಚಿದರೆ ಸಾಕು, ಉಳಿದ ಕೈ ಬೆಚ್ಚಗೆ ಇರುತ್ತದೆ. ಈಗ ಒಬ್ಬೊಬ್ಬರಾಗಿ ಅಂಗಿ ತಂದುಕೊಡುತ್ತಾರೆ, ಹೊಲಿಗೆ ದುಡ್ಡು ತಗೊಳ್ಳುವುದಿಲ್ಲ. ನಿಮ್ಮ ಮನೆಯಲ್ಲೂ ಡಯಾಲಿಸಿಸ್‌ನವರು ಇದ್ದರೆ ಯಾವ ಟೇಲರ್ ಹತ್ತಿರವಾದರೂ ಮಾಡಿಸಬಹುದು. ತೋಳು ಎರಡು ಬೆರಳು ಸಡಿಲ ಇರಲಿ, ಬಟನ್ ಚರ್ಮಕ್ಕೆ ತಾಗದಂತೆ ಒಳಗಡೆ ಪಟ್ಟಿ ಬರಲಿ ಅಂತ ಹೇಳಿ.