ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ನೋಡಿ

ಆಡಿಯೋ ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ದಿನಕ್ಕೆ ಆರು ಗಂಟೆ ಹೆಡ್‌ಫೋನ್ ಕಿವಿ ಮೇಲೇ ಇರುತ್ತದೆ. ಮೂರು ವರ್ಷದಲ್ಲಿ ಎರಡು ಹಾಳಾದವು. ತಮಾಷೆ ಏನೆಂದರೆ, ಎರಡರ ಸ್ಪೀಕರೂ ಕೊನೆವರೆಗೆ ಚೆನ್ನಾಗಿಯೇ ಇದ್ದವು. ಒಂದರ ವೈರು ಬುಡದಲ್ಲಿ ಒಳಗೊಳಗೇ ತುಂಡಾಯಿತು. ಇನ್ನೊಂದರ ಕುಶನ್ ಸಿಪ್ಪೆ ಏಳತೊಡಗಿತು. ಕೆಲಸ ಮುಗಿಸಿ ಎದ್ದರೆ ಕೆನ್ನೆ ತುಂಬ ಕರಿ ಚೂರು. "ಮುಖಕ್ಕೆ ಏನೋ ಮಸಿ?" ಎಂದು ಅಮ್ಮ ನಗುತ್ತಿದ್ದರು.

ಮೂರನೆಯದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೇ ಹೋದೆ. ಶನಿವಾರ ಹೋದೆ, ಭಾನುವಾರ ಅಲ್ಲಿ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ.

"ಇದರ ಬೇಸ್ ಸೌಂಡ್ ಕೇಳಿ ಸಾರ್, ಸೂಪರಾಗಿದೆ" ಎಂದರು ಅಂಗಡಿಯವರು. "ಅದಿರಲಿ ಅಣ್ಣ, ಕಾಲು ಗಂಟೆ ಸುಮ್ನೆ ಹಾಕಿಕೊಂಡಿರ್ತೀನಿ" ಎಂದೆ. ಅವರಿಗೆ ನಗು. ಆದರೆ ಮೊದಲ ಐದು ನಿಮಿಷ ಯಾವುದು ಹಾಕಿದರೂ ಹಾಯಾಗಿಯೇ ಇರುತ್ತದೆ, ಅಲ್ವಾ? ಹತ್ತನೇ ನಿಮಿಷಕ್ಕೆ ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತತೊಡಗುತ್ತದೆ. ಒಂದನ್ನು ಅಲ್ಲೇ ವಾಪಸ್ ಕೊಟ್ಟೆ. ಇನ್ನೊಂದು ಸಡಿಲ, ಬಗ್ಗಿದರೆ ಜಾರುತ್ತಿತ್ತು. ಮತ್ತೊಂದರ ಕಿವಿ ಮುಚ್ಚುವ ಕಪ್‌ಗೆ ಆಳವಿಲ್ಲ, ಕಿವಿಯ ತುದಿ ಒಳಗಿನ ಜಾಲರಿಗೆ ತಾಗುತ್ತಿತ್ತು.

ಕುಶನ್ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಚರ್ಮದಂತೆ ಕಾಣುವುದು ಬಹುಪಾಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪನ ಇರುವ ಬಟ್ಟೆ. ಬೆವರು, ಸೆಕೆ, ತೇವ ಸೇರಿದರೆ ಆ ಲೇಪನ ನಿಧಾನಕ್ಕೆ ಸಿಪ್ಪೆ ಬಿಡುತ್ತದೆ. ಲೇಪನವಿಲ್ಲದ ಬರೀ ಬಟ್ಟೆಯ ಕುಶನ್ನಿಗೆ ಆ ಕಾಟವಿಲ್ಲ. ಹೊರಗಿನ ಸದ್ದು ಮಾತ್ರ ಜಾಸ್ತಿ ಒಳಗೆ ಬರುತ್ತದೆ. ಬಸ್ಸಲ್ಲಿ ಕೇಳುವವರಿಗೆ ಇದು ಬೇಡ. ಮನೆಯಲ್ಲಿ ಕೂರುವ ನನಗೆ ಸಾಕು.

ವೈರು ಕಳಚುವಂತಿರಬೇಕು. ಆಡಿಯೋ-ಟೆಕ್ನಿಕಾ ಕಂಪನಿಯ ಹಳೆಯ ಎಂ50 ಹೆಡ್‌ಫೋನಿನಲ್ಲಿ ವೈರು ಅಂಟಿಕೊಂಡೇ ಇತ್ತು. 2014ರಲ್ಲಿ ಬಂದ ಎಂ50ಎಕ್ಸ್‌ನಲ್ಲಿ ಕಳಚಬಹುದು. ಆದರೂ ಹೆಡ್‌ಫೋನಿಗೆ ಸಿಕ್ಕಿಸುವ ತುದಿಯಲ್ಲಿ ಅದರ ಪಿನ್ 2.5 ಎಂಎಂ, ತಿರುಗಿಸಿ ಲಾಕ್ ಮಾಡುವಂಥದ್ದು. ಕೈಗೆ ಸಿಕ್ಕ ಯಾವುದೋ ವೈರು ಕೂರುವುದಿಲ್ಲ. ಹಾಗಾಗಿ ನಾನು ಮಾಮೂಲಿ 3.5 ಎಂಎಂ ಪಿನ್ ಹಿಡಿಸುವುದನ್ನು ಹುಡುಕಿದೆ. ಸಿಕ್ಕಿದ್ದು ಸುಮಾರು 250 ಗ್ರಾಂ ತೂಕದ್ದು, ತಲೆ ಮೇಲಿನ ಬ್ಯಾಂಡಿನ ಒಳಗೆ ಸ್ಟೀಲ್ ಪಟ್ಟಿ ಇತ್ತು. ಕೊಂಚ ಬಿಗಿ ಅನ್ನಿಸಿ, ಮೂರು ರಾತ್ರಿ ದಪ್ಪ ಪುಸ್ತಕಗಳ ಕಟ್ಟಿಗೆ ಹಾಕಿಟ್ಟೆ. ಸಡಿಲವಾಯಿತು. ಬರೀ ಪ್ಲಾಸ್ಟಿಕ್ ಬ್ಯಾಂಡಿಗೆ ಹೀಗೆ ಮಾಡಲು ಹೋಗಬೇಡಿ, ಲಟಕ್ ಅಂತ ಮುರಿದೀತು.

ಎರಡು ವರ್ಷವಾಯಿತು. ಒಮ್ಮೆ ಕುಶನ್, ಒಮ್ಮೆ ವೈರು ಬದಲಿಸಿದ್ದೇನೆ. ವೈರು ತುಂಡಾಗಿದ್ದ ಹಳೆಯದಕ್ಕೆ ಅದೇ ರಸ್ತೆಯಲ್ಲಿ ಬೆಸುಗೆ ಹಾಕಿಸಿಕೊಂಡು ಬಂದೆ. ಈಗ ಅದು ಮಗಳದ್ದು.